ಗಡಿ ದಾಟುವವರೆಗೆ

ನಾಲ್ಕು ಗಂಟೆಗೆ ಸರಿಯಾಗಿ ಲೋವೆಲ್ ಬ್ರಾಂಡ್‌ವೋಲ್ಡ್ ಕಂಪ್ಯೂಟರಿನ ಪರದೆಯ ಮೇಲೆ ಕಾಣಿಸಿಕೊಂಡಾಗ ಅವನ ಬೆನ್ನ ಹಿಂದೆ ಅವನದೇ ಅಡುಗೆಮನೆಯ ಗೋಡೆ ಇತ್ತು. ಮನಶ್ಶಾಸ್ತ್ರಜ್ಞೆ ಗ್ರೆಟಾ ಹಾವರ್‌ಕ್ಯಾಂಪ್ ಪ್ರತಿ ಸಲವೂ ಮೊದಲು ಕೇಳಲೇಬೇಕಾದ ಪ್ರಶ್ನೆಯನ್ನು ಕೇಳಿದಳು.

"ಈಗ ಎಲ್ಲಿದ್ದೀರಿ, ಲೋವೆಲ್?"

"ಇನ್ನೆಲ್ಲಿರ್ತೀನಿ, ಡಾಕ್ಟ್ರೇ. ಪೋಸ್ಟ್ ಫಾಲ್ಸ್, ಐಡಹೋ. ಎಂಟು ತಿಂಗಳಿಂದ ಇದೇ ಕುರ್ಚಿ."

ಇವತ್ತಿನ ಭೇಟಿ ಆಗುವುದಿಲ್ಲ ಎಂದು ಒಂದು ಗಂಟೆಗೇ ಅವಳು ಕಳಿಸಿದ್ದ ಮೆಸೇಜನ್ನು ಅವನು ನೋಡಿರಲಿಲ್ಲ. ಗ್ರೆಟಾ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು ಎಲ್ಲವನ್ನೂ ಮೊದಲಿನಿಂದ ಹೇಳಿದಳು. ವಾಷಿಂಗ್ಟನ್ ರಾಜ್ಯದ ಸ್ಪೊಕ್ಯಾನ್‌ನಲ್ಲಿ ಕುಳಿತು ಪಕ್ಕದ ಐಡಹೋ ರಾಜ್ಯದವರಿಗೆ ಪರದೆಯ ಮೂಲಕ ಚಿಕಿತ್ಸೆ ಕೊಡಲು ಅವಳಿಗೊಂದು ಅನುಮತಿ ಇತ್ತು. ಅದನ್ನು ಉಳಿಸಿಕೊಳ್ಳಲು ವರ್ಷಕ್ಕೆ ಮೂರು ಗಂಟೆಯ ಪಾಠ ಕೇಳಿ ಪ್ರಮಾಣಪತ್ರ ಕಳಿಸಬೇಕು. ಕಳಿಸಿದ್ದಳು. ಆದರೆ ಪಾಠ ಕೇಳಿದ್ದು ಹೊಸ ಅವಧಿ ಶುರುವಾಗುವುದಕ್ಕೆ ಆರು ದಿನ ಮೊದಲು. ಕೆಲಸ ಬೇಗ ಮುಗಿಯಲೆಂದು ತೋರಿಸಿದ ಉತ್ಸಾಹವದು. ಅದು ಹಳೆಯ ವರ್ಷಕ್ಕೆ ಸೇರಿತು, ಈ ವರ್ಷಕ್ಕೆ ನಡೆಯುವುದಿಲ್ಲ, ಸದ್ಯಕ್ಕೆ ಅನುಮತಿ ನಿಂತಿದೆ ಎಂದು ಇವತ್ತು ಮಧ್ಯಾಹ್ನ ಪತ್ರ ಬಂದಿತ್ತು. ಆಗಿನಿಂದ ಅದೇ ಪಾಠವನ್ನು ಮತ್ತೊಮ್ಮೆ ಕೇಳುತ್ತ ಕುಳಿತಿದ್ದಳು. ರೋಗಿ ಯಾವ ರಾಜ್ಯದ ನೆಲದ ಮೇಲೆ ಕುಳಿತಿದ್ದಾನೋ ಆ ರಾಜ್ಯದ ಕಾನೂನೇ ನಿಮ್ಮ ಕಾನೂನು, ಅನುಮತಿ ಇಲ್ಲದ ಕಡೆ ನೀವು ಹೇಳುವ ಒಂದು 'ಹೂಂ' ಕೂಡ ಚಿಕಿತ್ಸೆ ಎನಿಸಿಕೊಳ್ಳಬಹುದು ಎಂದು ಉಪನ್ಯಾಸಕ ಎರಡು ಗಂಟೆಯಲ್ಲಿ ಮೂರು ಸಲ ಹೇಳಿದ್ದ. ಮೂರನೆಯ ಗಂಟೆ ಇನ್ನೂ ಬಾಕಿ ಇತ್ತು.

"ಅಂದ್ರೆ ಇಲ್ಲಿದ್ರೆ ನಾನು ಬರೀ ಮುದುಕ. ಗಡಿ ದಾಟಿ ಆ ಕಡೆ ಬಂದ್ರೆ ನಿಮ್ಮ ರೋಗಿ," ಎಂದ ಲೋವೆಲ್.

ಮುಂದಿನ ವಾರಕ್ಕೆ ಇಟ್ಟುಕೊಳ್ಳೋಣ ಎಂದು ಗ್ರೆಟಾ ಹೇಳಿದಳು. ಅವನು ಬೇಡವೆಂದು ತಲೆಯಾಡಿಸಿದ. ಲಕ್ವ ಹೊಡೆದು ಆರು ವರ್ಷ ಹಾಸಿಗೆಯಲ್ಲಿದ್ದ ಅವನ ಹೆಂಡತಿ ನೊರೀನ್ ತೀರಿಕೊಂಡು ಒಂಬತ್ತು ತಿಂಗಳಾಗಿತ್ತು. ಪ್ರತಿ ವಾರ ತಪ್ಪದೆ ಬಂದು ಹಿಮದ ಬಗ್ಗೆ, ಟೈರಿನ ಬಗ್ಗೆ, ಮನೆಯ ಹೀಟರಿನ ಬಗ್ಗೆ ಮಾತಾಡಿ ಹೋಗುತ್ತಿದ್ದ. ಒಳಗೆ ಏನೋ ಸಿಕ್ಕಿಕೊಂಡಿದೆ ಎಂದು ಗ್ರೆಟಾಗೆ ಗೊತ್ತಿತ್ತು. ಅದು ತಾನಾಗಿ ಬರಲೆಂದು ಕಾಯುತ್ತಿದ್ದಳು.

"ಇವತ್ತು ಹೇಳಿಬಿಡ್ಬೇಕು ಅಂತ ಬೆಳಿಗ್ಗೆಯಿಂದ ಕೂತಿದೀನಿ. ಕಾರು ತೆಗೀತೀನಿ, ಹತ್ತು ನಿಮಿಷದ ದಾರಿ. ನೀವು ಫೋನ್ ಮಾತ್ರ ಇಡ್ಬೇಡಿ. ಇಟ್ರೆ ನನ್ನ ಧೈರ್ಯ ಹೋಗುತ್ತೆ."

"ಇಡಲ್ಲ. ಆದ್ರೆ ಗಡಿ ದಾಟೋವರೆಗೆ ನಾನು ದಾರಿ ವಿಷಯ ಬಿಟ್ಟು ಬೇರೇನೂ ಮಾತಾಡೋ ಹಾಗಿಲ್ಲ."

ಅವನು ಫೋನನ್ನು ಸ್ಟೇರಿಂಗಿನ ಪಕ್ಕಕ್ಕೆ ಸಿಕ್ಕಿಸಿ ಹೊರಟ. ಮೂವತ್ತೊಂದು ವರ್ಷ ಶಾಲೆಯ ಬಸ್ ಓಡಿಸಿದ ಮನುಷ್ಯ. ಕುರ್ಚಿಯಲ್ಲಿ ಬಿಗಿದುಕೊಂಡಿರುತ್ತಿದ್ದ ಅವನ ಮುಖ ಕೈಗೆ ಸ್ಟೇರಿಂಗ್ ಸಿಕ್ಕಿದ್ದೇ ಸಡಿಲವಾದದ್ದನ್ನು ಗ್ರೆಟಾ ಮೊದಲ ಬಾರಿ ನೋಡಿದಳು. ಹೆದ್ದಾರಿಗೆ ಏರುತ್ತಿದ್ದಂತೆಯೇ ಅವನು ಶುರುಮಾಡಿದ.

"ನೊರೀನ್ ಹೋದ ದಿನ ನನ್ನನ್ನ ಕರೆದ್ಲು, ಡಾಕ್ಟ್ರೇ. ಗರಾಜಲ್ಲಿದ್ದೆ, ಕೇಳಿಸ್ಲಿಲ್ಲ ಅಂತ ಎಲ್ಲರಿಗೂ ಹೇಳಿದೀನಿ. ಮಗಳಿಗೂ ಹಾಗೇ ಹೇಳಿದೀನಿ. ಕೇಳಿಸಿತ್ತು. ಎರಡು ಸಲ ಕರೆದ್ಲು. ಆರು ವರ್ಷ ಎತ್ತಿ ಕೂರ್ಸಿ, ಎತ್ತಿ ಮಲಗ್ಸಿ ಸಾಕಾಗಿತ್ತು. ಐದು ನಿಮಿಷ ಕಾಯ್ಲಿ ಅಂದ್ಕೊಂಡೆ. ಐದೇ ನಿಮಿಷ."

ಲಾರಿಯೊಂದು ಅವನ ಕಿಟಕಿಯನ್ನು ಕತ್ತಲೆ ಮಾಡಿ ಮುಂದೆ ಹೋಯಿತು.

"ಕೇಳಿಸ್ತಾ ಇದೆಯಾ?"

ಗ್ರೆಟಾ ಬಾಯಿ ತೆರೆದಳು. ಇಂಥ ಗಳಿಗೆಯಲ್ಲಿ ಹೇಳಬೇಕಾದದ್ದು ಇಪ್ಪತ್ತಾರು ವರ್ಷದ ಅಭ್ಯಾಸದಿಂದ ನಾಲಿಗೆಯ ತುದಿಗೇ ಬಂದಿತ್ತು. ಮಧ್ಯಾಹ್ನದ ಪತ್ರ ಕೀಬೋರ್ಡಿನ ಪಕ್ಕದಲ್ಲೇ ಬಿದ್ದಿತ್ತು. ಗಡಿಯ ಫಲಕಕ್ಕೆ ಇನ್ನೂ ಎರಡು ಮೈಲಿ ಇರಬಹುದು. ಬಾಯಿ ಮುಚ್ಚಿದಳು.

"ಡಾಕ್ಟ್ರೇ? ಇದೀರಾ?"

"ಮೊದಲ ಎಕ್ಸಿಟ್ ಬೇಡ," ಎಂದಳು ಗ್ರೆಟಾ. "ಅದರ ಮುಂದಿನದು ತಗೊಳ್ಳಿ."

ಅವನು ಸರಿ ಎಂದ. ವಾಷಿಂಗ್ಟನ್ನಿನ ಫಲಕ ಬಂತು, ಹೋಯಿತು. ಲಿಬರ್ಟಿ ಲೇಕ್‌ನ ದಿನಸಿ ಅಂಗಡಿಯ ಮುಂದೆ, ಸಾಲಾಗಿ ನಿಲ್ಲಿಸಿದ್ದ ತಳ್ಳುಗಾಡಿಗಳ ಪಕ್ಕ ಕಾರು ನಿಂತಿತು. ಗ್ರೆಟಾ ಮತ್ತೆ ಎಲ್ಲಿದ್ದೀರಿ ಎಂದು ಕೇಳಿದಳು. ಅವನು ಅಂಗಡಿಯ ಬಾಗಿಲ ಮೇಲಿದ್ದ ವಿಳಾಸವನ್ನು ಓದಿ ಹೇಳಿದ. ಅವಳು ಅದನ್ನೂ ಸಮಯವನ್ನೂ ಬರೆದುಕೊಂಡು, ಈಗ ಹೇಳಿ, ಎಲ್ಲಾ ಹೇಳಿ ಎಂದಳು.

ಲೋವೆಲ್ ಟೈರಿನ ವಿಷಯ ತೆಗೆದ. ಈ ಸಲ ಚಳಿಗಾಲದ ಟೈರುಗಳನ್ನು ತಡವಾಗಿ ಹಾಕಿಸಬೇಕೆಂದಿದ್ದಾನೆ. ಹೀಟರು ಮತ್ತೆ ಸದ್ದು ಮಾಡುತ್ತಿದೆ. ಮಗಳು ಫೋನ್ ಮಾಡಿದ್ದಳು, ಚೆನ್ನಾಗಿದ್ದಾಳೆ. ಅವನ ಮುಖ ಮತ್ತೆ ಬಿಗಿದುಕೊಂಡಿತ್ತು. ಭೇಟಿ ಮುಗಿಯಲು ಐದು ನಿಮಿಷ ಉಳಿದಾಗ ಗ್ರೆಟಾಗೆ ತಡೆಯಲಾಗಲಿಲ್ಲ.

"ಲೋವೆಲ್, ದಾರೀಲಿ ನೊರೀನ್ ವಿಷಯ ಹೇಳಿದ್ರಲ್ಲ. ಅಷ್ಟೂ ನನಗೆ ಕೇಳಿಸಿತ್ತು."

ಅವನು ಕಾರಿನ ಕೀಲಿ ತಿರುಗಿಸಿದ. ಕೋಪವೇನೂ ಇರಲಿಲ್ಲ, ಬಸ್ಸಿಳಿಯುವ ಮಕ್ಕಳಿಗೆ ಹೇಳುವ ಹಾಗೆ ಮೆತ್ತಗೆ ಹೇಳಿದ:

"ಅದು ಐಡಹೋದಲ್ಲಿ, ಡಾಕ್ಟ್ರೇ. ಅಲ್ಲಿ ನೀವಿರಲಿಲ್ಲ."