ಹೋದ ಹಿಡಿತ

ಅಂಗೈಗೆ ಬೆರಳು ತಾಗಿದರೆ ಸಾಕು, ಕೂಸು ಥಟ್ಟನೆ ಬಿಗಿಯಾಗಿ ಹಿಡಿದುಕೊಳ್ಳುತ್ತಿತ್ತು. ಐದು ತಿಂಗಳು ತುಂಬುತ್ತಲೇ ಹಾಗೆ ಹಿಡಿಯುವುದನ್ನು ಬಿಟ್ಟಿತು. ಯಾಕೆಂದು ತನಗೊಬ್ಬಳಿಗೇ ಗೊತ್ತೆಂದು ಕಸ್ತೂರಿ ಒಳಗೊಳಗೇ ಬೇಯುತ್ತಿದ್ದಳು. ಅತ್ತೆ “ದೃಷ್ಟಿ ತಾಗೇತಿ” ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸುವಾಗಲಂತೂ ತಲೆ ಎತ್ತುತ್ತಿರಲಿಲ್ಲ.

ಕಡೆಗೆ ಅತ್ತೆ ಸೊಸೆ ಇಬ್ಬರೂ ಕೂಸನ್ನು ಮಕ್ಕಳ ಡಾಕ್ಟರ ಬಳಿ ಒಯ್ದರು. ಅಲ್ಲಿ ಕಸ್ತೂರಿಗೆ ತಡೆಯಲಾಗಲಿಲ್ಲ.

“ತಪ್ಪು ನಂದರೀ. ಹಾಲು ಕುಡಿಸ್ತಾ ತೂಕಡಿಸಿದ್ದೆ. ಕೂಸು ಮಂಚದ ಮ್ಯಾಲಿಂದ ಜಾರಿ ಬಿತ್ತು. ಯಾರಿಗೂ ಹೇಳಲಿಲ್ಲ.”

ಡಾಕ್ಟರು ಕೂಸನ್ನು ಹೊರಳಿಸಿ, ಕೈಕಾಲು ಮಡಚಿ ನೋಡಿ, ಗಿಲಕಿಯೊಂದನ್ನು ಗಲಗಲ ಆಡಿಸಿ ಮುಂದೆ ಹಿಡಿದರು. ಕೂಸು ಕೈಚಾಚಿ ಅದನ್ನು ಕಸಿದುಕೊಂಡಿತು.

“ನೋಡವ್ವಾ, ಮದ್ಲ ಅದು ತಿಳಿದು ಹಿಡೀತಿರಲಿಲ್ಲ, ತಾನಾಗೇ ಮುಷ್ಟಿ ಬಿಗೀತಿತ್ತು. ಹುಟ್ಟಿನಿಂದ ಬಂದ ಆ ಹಿಡಿತ ಹೋದ್ರನ ಕೂಸುಗಳು ಬೇಕಾದ್ದನ್ನ ಹಿಡಿಯೂದು ಕಲೀತಾವು. ಬಿದ್ದದ್ದಕ್ಕ ಏನೂ ಆಗಿಲ್ಲ.”

ಬೈಗುಳಕ್ಕೆ ಸಿದ್ಧಳಾಗಿ ಕಸ್ತೂರಿ ಅತ್ತೆಯ ಕಡೆ ತಿರುಗಿದಳು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

“ಹಂಗಾದ್ರ ಡಾಕ್ಟರ್, ನಾ ಎರೆಯುವಾಗ ಕೈಜಾರಿ ಬಚ್ಚಲದಾಗ ಬಿದ್ದಿತ್ರಿ, ಅದಕ್ಕೂ ಏನೂ ಆಗಿಲ್ಲೇನ್ರಿ?”