ಮೂರನೆಯ ರೆಕ್ಕೆ

ನಾಳೆ ಸಂಜೆಯೊಳಗೆ ಗುಡ್ಡದ ಮೇಲಿನ ಗಾಳಿಯಂತ್ರ ಕರೆಂಟು ಕೊಡಬೇಕು. ಇಲ್ಲದಿದ್ದರೆ ಸರ್ಕಾರದ ರಿಯಾಯಿತಿ ಹೋಯಿತು. ರಿಯಾಯಿತಿಯ ಬೆನ್ನಿಗೇ ಮ್ಯಾನೇಜರ್ ಗುರುಪಾದಪ್ಪನ ನೌಕರಿಯೂ ಹೋಯಿತು. ಎರಡು ರೆಕ್ಕೆಗಳು ಮೇಲೇರಿದ್ದವು. ಗಾಳಿಯ ಅಬ್ಬರಕ್ಕೆ ಮೂರನೆಯದು ವಾರದಿಂದ ನೆಲದಲ್ಲೇ ಮಲಗಿತ್ತು. ಗಾಳಿ ಎಂದೂ ನಿಲ್ಲದ ಗುಡ್ಡ ಬೇಕೆಂದು ವರ್ಷಗಟ್ಟಲೆ ಅಲೆದು ಇದನ್ನು ಆರಿಸಿದವನು ಗುರುಪಾದಪ್ಪನೇ.

“ಒಂದೀಟು ಕಮ್ಮಿ ಆದಂಗ ಐತಲ್ಲೋ, ದಾವಲಸಾಬ?”

ಕ್ರೇನಿನವನು ಕೂತಲ್ಲಿಂದ ಏಳಲಿಲ್ಲ. “ನಿಮ್ಮ ಟೊಪ್ಪಿಗಿ ಎಲ್ಲಿ ಹೋತು ನೋಡ್ರಿ ಮೊದಲ, ಸಾಹೇಬ್ರ.”

“ಎತ್ತಿಬಿಡೋ ಮಾರಾಯ. ಕೈ ಮುಗೀತೀನಿ.”

“ಈ ಗಾಳ್ಯಾಗ ಎತ್ತಿದರ ರೆಕ್ಕಿ, ಕ್ರೇನು, ನಾನು ಎಲ್ಲಾ ಕೂಡೇ ಹಾರಿ ಹೊಕ್ಕೀವ್ರಿ. ನನಗ್ಯಾಕ ಮುಗೀತೀರಿ, ಗಾಳಿಗೆ ಮುಗೀರಿ.”

ಗುರುಪಾದಪ್ಪ ಗುಡ್ಡದ ಬುಡದಲ್ಲಿದ್ದ ವಾಯುಪುತ್ರನ ಗುಡಿಗೆ ಓಡಿ ಉದ್ದಕ್ಕೆ ಅಡ್ಡಬಿದ್ದ.

“ಹನುಮಪ್ಪಾ, ಎರಡು ದಿವಸ ನಿಮ್ಮಪ್ಪನ್ನ ಮನ್ಯಾಗ ಕೂಡಿಸ್ಕೊಳ್ಳೋ ತಂದೆ. ಹೊರಗ ಬಿಡಬ್ಯಾಡ. ಹೆಂಡ್ರು ಮಕ್ಕಳು ಬೀದಿಗೆ ಬರ್ತಾರ,” ಎಂದು ಅತ್ತ.

ಬೆಳಗಾಗುವಷ್ಟರಲ್ಲಿ ಗಾಳಿ ಪೂರಾ ನಿಂತಿತ್ತು. ಹುಲ್ಲುಕಡ್ಡಿಯೂ ಅಲುಗುತ್ತಿರಲಿಲ್ಲ. ರೆಕ್ಕೆ ಏರಿತು, ಹೂವಿನಂತೆ ತನ್ನ ಜಾಗದಲ್ಲಿ ಕೂತಿತು. ತಂತಿ ಜೋಡಿಸಿದ್ದೂ ಆಯಿತು. ಸಂಜೆ ಬಂದ ಸರ್ಕಾರಿ ಇಂಜಿನಿಯರಿಗೆ ಗುರುಪಾದಪ್ಪ ತಾನೇ ಚಹಾ ಹಿಡಿದುಕೊಂಡು ಹೋದ. ಅವರು ಧಗೆಗೆ ಬೆವರು ಒರೆಸಿಕೊಳ್ಳುತ್ತ ಕಂಬ, ಮೀಟರು ಎಲ್ಲವನ್ನೂ ನೋಡಿ, ಸಮಾಧಾನದಿಂದ ಪೆನ್ನು ತೆಗೆದರು.

“ಎಲ್ಲಾ ಬರೋಬ್ಬರಿ ಐತ್ರಿ. ಇನ್ನ ಒಂದೀಟು ತಿರುಗಿಸಿ ತೋರಸ್ರಿ, ಸಹಿ ಹಾಕಿ ಹೊಕ್ಕೀನಿ.”