ವೆರಿಬೀಯ ನಿರ್ದೇಶಕಿ

"ಇವನೂ ಬೇಡ." ಮೂರನೆಯ ನಿರ್ದೇಶಕನ ಫೋಟೊ ನೋಡಿ ರಿತೇಶ್ ಲ್ಯಾಪ್‌ಟಾಪ್ ಮುಚ್ಚಿದ. "ಎಂತ ನಗು ಅದು! ಇವನ ಜೊತೆ ಕೂತು ನೀನು ಸ್ಕ್ರಿಪ್ಟ್ ಓದುವುದಾ?"

ಅವನ ಹೆಂಡತಿ ನವ್ಯಾ ಉಡುಪಿಯ ಹುಡುಗಿ, ಓದಿದ್ದು ಐರಿಶ್ ಸಾಹಿತ್ಯ. ಮದುವೆಯಾಗಿ ಸಿಡ್ನಿಗೆ ಬಂದ ಮೇಲೆ ಹಳೆಯ ಐರಿಶ್ ಕಾದಂಬರಿಯೊಂದನ್ನು ಈ ಕಾಲಕ್ಕೆ ಒಗ್ಗಿಸಿ ಚಿತ್ರಕಥೆ ಬರೆದಿದ್ದಳು. ದ್ವೀಪದಲ್ಲೊಂದು ಒಂಟಿ ಮನೆ, ಬೀಗದ ಕೈ ಸೊಂಟಕ್ಕೆ ಕಟ್ಟಿಕೊಂಡೇ ಮಲಗುವ ಗಂಡ, ಒಳಗೆ ಹೆಂಡತಿ. ರಿತೇಶನಿಗೆ ಕಥೆ ಹಿಡಿಸಿತ್ತು. ನಿರ್ಮಾಪಕನೆಂದು ಪರದೆಯ ಮೇಲೆ ತನ್ನ ಹೆಸರು ಬರುವುದು ಇನ್ನೂ ಹಿಡಿಸಿತ್ತು.

ಪ್ಯಾರಮಟ್ಟಾದ ಅವರ ಫ್ಲ್ಯಾಟಿನ ಕೀಯೂ ಅವನ ಜೇಬಿನಲ್ಲೇ. ಕೇಳಿದರೆ, "ಸೇಫ್ಟಿಗೆ ಮಾರಾಯ್ತಿ," ಎನ್ನುತ್ತಿದ್ದ. ಅವಳು ಫೋನಿನಲ್ಲಿ ಮಾತಾಡುವುದಿದ್ದರೆ ಅವನೆದುರು, ಸ್ಪೀಕರ್ ಹಾಕಿ. ಸಿನಿಮಾ ಆಗಬೇಕು, ಹೆಂಡತಿ ಹೊಸ್ತಿಲು ದಾಟಬಾರದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅಂಥ ನಿರ್ದೇಶಕರನ್ನು ಎಲ್ಲಿಂದ ತರುವುದು?

ಉಳಿದಿದ್ದು ಒಂದೇ ಹೆಸರು. ಪೆಂಡಲ್ ಹಿಲ್‌ನ ದಿನಸಿ ಅಂಗಡಿಯ ಜಯಾ ಆಂಟಿ, ರಿತೇಶ್ ಅಕ್ಕಿ ಮೂಟೆ ಎತ್ತಲು ಆಚೆ ಹೋಗಿದ್ದಾಗ ಹೇಳಿದ ಹೆಸರು.

"ಮೆಲ್ಬರ್ನ್‌ನವರು, ತುಂಗಾ ಅಂತ," ಎಂದಳು ನವ್ಯಾ. ಇವರನ್ನೂ ಬೇಡವೆಂದರೆ ತನಗೆ ಈ ನಾಲ್ಕು ಗೋಡೆಗಳೇ ಗತಿ.

"ಹೆಂಗಸಾ? ನಮ್ಮೂರಿನವರಾ? ಮೊದಲೇ ಹೇಳುವುದಲ್ವಾ! ಮನೆಗೇ ಬರ್ಲಿಕ್ಕೆ ಹೇಳು."

ಶನಿವಾರ ತುಂಗಾ ಕಾರು ಓಡಿಸಿಕೊಂಡೇ ಬಂದರು. ನರೆಗೂದಲು, ಕಡಿಮೆ ಮಾತು. ಗಂಡ ಪ್ರಾರ್ಥನೆಯಲ್ಲಿರುವಾಗ ಹೆಂಡತಿ ಸೂಟ್‌ಕೇಸ್ ಹಿಡಿದು ಓಡಿಹೋಗುವ ಕೊನೆಯ ದೃಶ್ಯವನ್ನು ಒಮ್ಮೆ ಮಾಡಿ ನೋಡಬೇಕೆಂದರು.

"ಗಂಡನ ಪಾತ್ರಕ್ಕೆ ಒಬ್ಬರು ಬೇಕಿತ್ತು."

"ನಾನೇ ಮಾಡ್ತೇನೆ ಮೇಡಂ." ರಿತೇಶ್ ಕೂದಲು ನೀವಿಕೊಂಡ.

"ಹಾಗಾದ್ರೆ ನಿಜವಾದ ಕೀಯೇ ಮೇಜಿನ ಮೇಲೆ ಇಡಿ. ಸೂಟ್‌ಕೇಸಿನಲ್ಲೂ ನಿಜವಾದ ಬಟ್ಟೆ ಇರ್ಲಿ. ಭಾರ ಕೈಯಲ್ಲಿ ಕಾಣ್ಬೇಕು."

ರಿತೇಶನೊಳಗಿನ ಕಲಾವಿದ ಎದ್ದು ಕೂತ. ಬೀರು ತೆರೆದು ನವ್ಯಾಳ ಪಾಸ್‌ಪೋರ್ಟನ್ನೂ ತಂದು ಬಟ್ಟೆಗಳ ಮೇಲಿಟ್ಟ. "ಓಡಿಹೋಗುವವಳು ಇದನ್ನು ಬಿಟ್ಟು ಹೋಗ್ತಾಳಾ ಮೇಡಂ? ಸಹಜತೆ ಬೇಕಲ್ವಾ!"

"ಭಲೇ!" ಎಂದರು ತುಂಗಾ. "ಈಗ ಗೋಡೆಯ ಕಡೆ ತಿರುಗಿ ಮಂಡಿಯೂರಿ, ಪ್ರಾರ್ಥನೆ ಮಾಡಿ. ನಾನು ಕಟ್ ಹೇಳುವವರೆಗೆ ತಿರುಗ್ಬೇಡಿ, ಏನೇ ಸದ್ದಾದ್ರೂ."

ರಿತೇಶ್ ಕಣ್ಣು ಮುಚ್ಚಿ ಕೈ ಮುಗಿದ. ನವ್ಯಾ ಕೀಯನ್ನೂ ಸೂಟ್‌ಕೇಸನ್ನೂ ಎತ್ತಿಕೊಂಡಳು. ಬಾಗಿಲು ತೆರೆದಾಗ ಕಿರುಗುಟ್ಟಿತು. ಅವನು ಮಿಸುಕಲಿಲ್ಲ. ನಟನೆ ಅವನಿಗೆ ಚೆನ್ನಾಗಿಯೇ ಬರುತ್ತಿತ್ತು.

ಇಬ್ಬರು ಹೆಂಗಸರನ್ನು ಹೊತ್ತ ಕಾರು ಹೆದ್ದಾರಿ ಸೇರಿ ಬಹಳ ಹೊತ್ತಾಗಿದ್ದರೂ ಕಟ್ ಹೇಳುವವರು ಯಾರೂ ಇರಲಿಲ್ಲ. ತುಂಗಾ ಜನ್ಮದಲ್ಲಿ ಒಂದು ಸಿನಿಮಾ ಮಾಡಿದವರಲ್ಲ. ಮೆಲ್ಬರ್ನ್ ಅಂಚಿನ ವೆರಿಬೀಯಲ್ಲಿ ಅವರು ನಡೆಸುತ್ತಿದ್ದದ್ದು, ಗಂಡಂದಿರಿಂದ ತಪ್ಪಿಸಿಕೊಂಡು ಬಂದ ಹೆಂಗಸರ ಆಶ್ರಯಮನೆ.